ಎಂಟು ಮೂಲೆಯ ಪಂಜರ

ಪಿಎಚ್‌.ಡಿ ಯಾವುದರ ಮೇಲೆ ಎಂದು ಬಸ್ಸಿನಲ್ಲಿ ಯಾರಾದರೂ ಕೇಳಿದರೆ ನಾನು ಕಿಟಕಿಯ ಕಡೆ ಮುಖ ತಿರುಗಿಸುತ್ತಿದ್ದೆ. ಒಂದು ಸಲ ಬಾಯಿ ತಪ್ಪಿ ‘ಪಂಜರ ಮಾಡೋದು’ ಎಂದುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು "ಗಿಳೀದೋ ಕೋಳೀದೋ?" ಎಂದಳು. ಸಿಂಧನೂರಿನಿಂದ ಮಸ್ಕಿಯವರೆಗೆ ಅವಳಿಗೆ ವಿವರಿಸುತ್ತ ಬಂದೆ. ಮಸ್ಕಿಯಲ್ಲಿ ಇಳಿಯುವಾಗ ಅವಳು, "ಕಣ್ಣಿಗೆ ಕಾಣಂಗಿಲ್ಲ, ಕೈಗೆ ಸಿಗಂಗಿಲ್ಲ, ಅಂಥಾದ್ದಕ್ಕ ಇಷ್ಟು ಓದಬೇಕೇನ್ರಿ?" ಎಂದು ಚೀಲ ಎತ್ತಿಕೊಂಡು ಹೋದಳು. ನನಗೆ ಸಿಟ್ಟು ಬಂತು. ನನಗೆ ಸಿಟ್ಟು ಬೇಗ ಬರುತ್ತದೆ. ಈ ಕತೆಯಲ್ಲಿ ಹಾಳಾದದ್ದರಲ್ಲಿ ಅರ್ಧ ಅದರಿಂದಲೇ ಹಾಳಾದದ್ದು.

ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ. ಗೋಡೆಗಳಿಲ್ಲದ, ಬರೀ ಚೌಕಟ್ಟಿರುವ ಒಂದು ಚೌಕ ಡಬ್ಬಿಯನ್ನು ನೆನೆಸಿಕೊಳ್ಳಿ. ಎಂಟು ಮೂಲೆ, ಹನ್ನೆರಡು ಅಂಚು. ಮೂಲೆಗೊಂದು ಪರಮಾಣು: ಕೆಲವು ಮೂಲೆಯಲ್ಲಿ ಸಿಲಿಕಾನ್, ಕೆಲವು ಮೂಲೆಯಲ್ಲಿ ಜರ್ಮೇನಿಯಂ. ಎರಡು ಮೂಲೆಗಳ ನಡುವೆ ಕೊಂಡಿಯಾಗಿ ಒಂದೊಂದು ಆಮ್ಲಜನಕ. ಅದೇ ನನ್ನ ಪಂಜರ. ಸಿಲಿಕಾನ್ ಮರಳಿನಲ್ಲಿರುವುದು, ಕಾಲಿಟ್ಟಲ್ಲೆಲ್ಲ ಇರುವುದು. ಜರ್ಮೇನಿಯಂ ಅದರ ದಾಯಾದಿ. ಗುಣ ಒಂದೇ ಮನೆತನದ್ದು, ಮೈಕಟ್ಟು ತುಸು ದೊಡ್ಡದು, ಸಿಗುವುದು ಅಪರೂಪ. ದಾಯಾದಿಗಳಿಬ್ಬರನ್ನು ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂಡಿಸುವುದು ಎಷ್ಟು ಕಷ್ಟವೋ ಇವರಿಬ್ಬರನ್ನು ಒಂದೇ ಚೌಕಟ್ಟಿನಲ್ಲಿ ಕೂಡಿಸುವುದೂ ಅಷ್ಟೇ ಕಷ್ಟ. ಕೂಡಿಸಿದರೆ, ಅಂಥ ಪಂಜರಗಳನ್ನು ಒಂದಕ್ಕೊಂದು ಜೋಡಿಸಿ ಅಣುಗಳನ್ನೇ ಸೋಸುವ ಜರಡಿ ಮಾಡಬಹುದು. ಬೇರೆ ದೇಶಗಳಲ್ಲಿ ಇದನ್ನು ಮಾಡಿದವರಿದ್ದಾರೆ. ನಾನು ಮಾಡಬೇಕೆಂದದ್ದು ಭತ್ತದ ಹೊಟ್ಟಿನ ಬೂದಿಯಿಂದ.

ಬೂದಿಗೆ ನಮ್ಮಲ್ಲಿ ಬರವಿಲ್ಲ. ಸಿಂಧನೂರಿನ ರೈಸ್ ಮಿಲ್ಲುಗಳ ಬಾಯ್ಲರಿಗೆ ಹೊಟ್ಟೇ ಉರುವಲು. ಉರಿದು ಉಳಿಯುವ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಆಮ್ಲಜನಕದ ಜೊತೆ ಕೂಡಿದ ಸಿಲಿಕಾನ್. ಅದನ್ನು ಇನ್ನೊಮ್ಮೆ ಕುಲುಮೆಯಲ್ಲಿ ಸುಟ್ಟು ಬೆಳ್ಳಗೆ ಮಾಡಿ, ಆಮ್ಲದಲ್ಲಿ ತೊಳೆದು, ಕ್ಷಾರದ ನೀರಿನಲ್ಲಿ ಕರಗಿಸಿ, ಜರ್ಮೇನಿಯಂ ಆಕ್ಸೈಡಿನ ಪುಡಿ ಬೆರೆಸಿ, ಎರಡು ಲೀಟರ್ ದ್ರಾವಣವನ್ನು ಸಣ್ಣ ಉರಿಯಲ್ಲಿ ಇಂಗಿಸಿ ಇಂಗಿಸಿ ಒಂದು ಲೋಟದಷ್ಟಕ್ಕೆ ತಂದು, ಪ್ಲಾಸ್ಟಿಕ್ ಬಾಟಲಿಯಲ್ಲಿ ಅಲುಗದ ಹಾಗೆ ಇಡುವುದು. ಗಾಜಿನ ಬಾಟಲಿ ನಡೆಯದು, ಗಾಜೂ ಸಿಲಿಕಾವೇ. ಕ್ಷಾರ ಅದನ್ನೂ ತಿನ್ನುತ್ತದೆ. ಆಮೇಲೆ ಕಾಯುವುದು. ಪಂಜರವಾದರೆ ತಳದಲ್ಲಿ ಹರಳು ಬೆಳೆಯುತ್ತದೆ, ಆಗದಿದ್ದರೆ ಗಂಜಿಯಾಗುತ್ತದೆ. ಹೇಳುವುದಕ್ಕೆ ಇಷ್ಟೇ.

ನಾನು ಲಿಂಗಸುಗೂರಿನ ಒಂದು ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹದಿನಾಲ್ಕು ವರ್ಷದಿಂದ ಅತಿಥಿ. ಇಷ್ಟು ವರ್ಷ ಉಳಿದುಕೊಂಡ ಅತಿಥಿಯನ್ನು ಯಾವ ಮನೆಯವರೂ ಸಹಿಸಲಿಕ್ಕಿಲ್ಲ. ಪ್ರತಿ ಜೂನ್‌ನಲ್ಲಿ ಅರ್ಜಿ ಹಾಕಿ ಮತ್ತೆ ಬಾಗಿಲು ತಟ್ಟಬೇಕು. ಪಿಎಚ್‌.ಡಿ ಇಲ್ಲದವರನ್ನು ಇನ್ನು ತೆಗೆದುಕೊಳ್ಳುವುದಿಲ್ಲ ಎಂಬ ಮಾತು ಮೊದಲು ಸುದ್ದಿಯಾಗಿ, ಆಮೇಲೆ ಸುತ್ತೋಲೆಯಾಗಿ ಬಂದಿತ್ತು. ನನ್ನ ನೋಂದಣಿಯ ಅವಧಿ ಮುಗಿದು, ಒಮ್ಮೆ ವಿಸ್ತರಣೆ ಸಿಕ್ಕಿ, ಅದೂ ಮುಗಿಯುತ್ತಾ ಬಂದಿತ್ತು. ಪ್ರಬಂಧಕ್ಕೆ ಬೇಕಾದದ್ದೆಲ್ಲ ಇತ್ತು, ಒಂದರ ಹೊರತು: ಒಂದೇ ಒಂದು ಒಳ್ಳೆಯ ಹರಳು. ಎಕ್ಸ್‌-ರೇ ಹಾಯಿಸಿ, ಇಗೋ ಪಂಜರ, ಇಗೋ ಅದರ ಮೂಲೆಗಳು ಎಂದು ತೋರಿಸಲು ಸಾಕಾಗುವಷ್ಟು, ಉಪ್ಪಿನ ಕಾಳಿನಷ್ಟು ದೊಡ್ಡ ಹರಳು. ಅದು ಸಿಕ್ಕರೆ ಪದವಿ, ಪದವಿ ಸಿಕ್ಕರೆ ಕೆಲಸ. ಸಿಗದಿದ್ದರೆ ಹದಿನಾಲ್ಕು ವರ್ಷ ಬಸ್ಸಿನಲ್ಲಿ ಓಡಾಡಿದ್ದಷ್ಟೇ ಲಾಭ.

ಹರಳು ನನಗೆ ಒಮ್ಮೆ ಬಂದಿತ್ತು. ಸಂಕಟದ ಮೂಲ ಅದೇ. ಬಾರದೇ ಇದ್ದಿದ್ದರೆ ಎಂದೋ ಕೈಬಿಟ್ಟು ಟ್ಯೂಷನ್ ಹೇಳುತ್ತಿದ್ದೆ. ಒಂದು ಚಳಿಗಾಲದ ಕೊನೆಗೆ, ಬಾಟಲಿಯ ತಳದಲ್ಲಿ ಕಲ್ಲುಸಕ್ಕರೆಯ ಚೂರುಗಳ ಹಾಗೆ, ಅಂಚು ಚೂಪಾದ ಪುಟ್ಟ ಪುಟ್ಟ ಹರಳುಗಳು. ಬಿ.ಎಸ್ಸಿ ಮಕ್ಕಳನ್ನೆಲ್ಲ ಸಾಲು ನಿಲ್ಲಿಸಿ ತೋರಿಸಿದೆ. ಅವನ್ನು ಸೋಸಿ, ಒಣಗಿಸಿ, ಹತ್ತಿಯಲ್ಲಿ ಸುತ್ತಿ, ಎಕ್ಸ್‌-ರೇ ಯಂತ್ರವಿರುವ ದೂರದ ಒಂದು ಸಂಸ್ಥೆಗೆ ಕೊರಿಯರ್ ಮಾಡಿದೆ. ಒಣಗಿಸಬಾರದಿತ್ತು. ದಾರಿಯಲ್ಲಿ ಬಿರುಕು ಬಿಟ್ಟು ಅರ್ಧ ಪುಡಿಯಾಗಿ ಮುಟ್ಟಿದವು. ಅಲ್ಲಿಂದ ಬಂದ ಉತ್ತರ ಎರಡು ಸಾಲಿನದು: ಪಂಜರದ ಆಕಾರ ಇದ್ದ ಹಾಗಿದೆ, ನಡುವೆ ಏನೋ ಒಂದು ಇದೆ, ನೀರಿನ ಅಂಶ ಇರಬಹುದು, ಹೊಸ ಹರಳು ಕಳಿಸಿ, ಅದು ಬೆಳೆದ ದ್ರಾವಣದಲ್ಲೇ ಮುಳುಗಿಸಿ ಕಳಿಸಿ.

ಕಳಿಸೋಣ, ಅದಕ್ಕೇನಂತೆ ಎಂದುಕೊಂಡೆ. ಈ ಸಲ ಎಲ್ಲವೂ ಶುದ್ಧವಾಗಿರಲಿ ಎಂದು ಲ್ಯಾಬನ್ನೇ ತಲೆಕೆಳಗು ಮಾಡಿದೆ. ನೀರು ಬಟ್ಟಿ ಇಳಿಸುವ ಯಂತ್ರ ಕೆಟ್ಟು ನಿಂತಿತ್ತು, ಅದಕ್ಕೆ ಪ್ರಿನ್ಸಿಪಾಲರ ಬೆನ್ನು ಹತ್ತಿ ಹೊಸ ಕಾಯಿಲ್ ಹಾಕಿಸಿದೆ. ಹಳೇ ಬಾಟಲಿ ಎಸೆದೆ, ಹೊಸ ಬಾಟಲಿ ತಂದೆ. ಅದೇ ಮಿಲ್ಲು, ಅದೇ ಬೂದಿ, ಅದೇ ತೂಕ, ಅದೇ ಉರಿ. ಹನ್ನೊಂದನೇ ದಿನ ಮುಚ್ಚಳ ತೆಗೆದು ನೋಡಿದರೆ ಗಂಜಿ.

ಮತ್ತೆ ಮಾಡಿದೆ, ಗಂಜಿ. ಮತ್ತೆ, ಗಂಜಿ. ಹದಿನಾಲ್ಕು ತಿಂಗಳು ನಾನು ಗಂಜಿ ಕಾಯಿಸಿದೆ.

ಈ ಹದಿನಾಲ್ಕು ತಿಂಗಳ ಬಗ್ಗೆ ಹೇಳಲು ನಾಚಿಕೆಯಾಗುತ್ತದೆ. ರಸಾಯನಶಾಸ್ತ್ರ ಓದಿದವಳು ನಾನು, ಮೊದಲ ಹರಳು ಬಂದ ದಿನ ಉಟ್ಟಿದ್ದ ಸೀರೆಯನ್ನೇ ಹುಡುಕಿ ಉಟ್ಟುಕೊಂಡು ಹೋಗಿ ಜರ್ಮೇನಿಯಂ ತೂಗಿದೆ. ಆ ವಾರ ಅಮಾವಾಸ್ಯೆ ಬಂದಿತ್ತು ಎಂದು ಕ್ಯಾಲೆಂಡರ್ ನೋಡಿ ಅಮಾವಾಸ್ಯೆಗೆ ಕಾದೆ. ಬೂದಿಯೇ ಬದಲಾಗಿದೆ ಎಂಬ ಅನುಮಾನ ಬಂದು, ಒಂದು ಭಾನುವಾರ ಮಿಲ್ಲಿನ ಹಿಂದಿನ ತಿಪ್ಪೆಯಲ್ಲಿ ಹಳೆಯ ಬೂದಿ ಹುಡುಕಲು ಇಳಿದೆ. ಮೇಲಿನ ಪದರ ಹೊಸದು, ಹೋದ ವರ್ಷದ್ದು ಕೆಳಗೆ. ಮೊಣಕೈವರೆಗೆ ಕೈ ಹಾಕಿ ತೋಡುತ್ತಿದ್ದಾಗ ಹೊಟ್ಟು ತುಂಬುತ್ತಿದ್ದ ಹಮಾಲ ಮೇಲಿನಿಂದ ನೋಡಿ ಕೂಗಿದ: "ಮೇಡಮ್ರೀ, ಯಾರ ಅಸ್ತಿ ಹುಡುಕಾಕತ್ತೀರಿ?" ನಾನು ನಗಲಿಲ್ಲ. ಅಸ್ಥಿಯಾದರೂ ಹುಡುಕಿದರೆ ಸಿಗುತ್ತದೆ. ಆ ಬೂದಿಯಿಂದಲೂ ಬಂದದ್ದು ಗಂಜಿಯೇ.

ಮಾರ್ಗದರ್ಶಕರು ಒಳ್ಳೆಯವರು, ಬೈಯುವವರಲ್ಲ. ಫೋನಿನಲ್ಲಿ ಅವರು ಸುಮ್ಮನಾಗುವ ರೀತಿಯೇ ಬೈಗುಳದ ಹಾಗಿರುತ್ತಿತ್ತು. ಒಮ್ಮೆ ಮಾತ್ರ, "ಒಂದು ಸಲ ಬಂದದ್ದನ್ನ ಬಂತು ಅಂತ ಬರೆಯೋಕೆ ಆಗಲ್ಲಮ್ಮ" ಎಂದರು. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ಒಂದು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಪಂಜರವನ್ನು ನಾನೇ ಕಟ್ಟಿದೆ. ಎಂಟು ಮೂಲೆ, ಹನ್ನೆರಡು ಕೊಂಡಿ, ಉದ್ದ ಇಷ್ಟು, ಕೋನ ಇಷ್ಟು. ಯಂತ್ರ ಕೊಟ್ಟ ಹಾಗೆಯೇ ಕಾಣುವ ಅಂಕಿಗಳು. ಯಾರು ಪರೀಕ್ಷಿಸುತ್ತಾರೆ? ಲಿಂಗಸುಗೂರಿನ ಒಬ್ಬ ಗೆಸ್ಟ್ ಲೆಕ್ಚರರ್ ಮಾಡಿದ ಪಂಜರವನ್ನು ಮತ್ತೆ ಮಾಡಿ ನೋಡಲು ಯಾರಿಗೆ ಪುರುಸೊತ್ತಿದೆ? ಆ ಫೈಲಿಗೆ ಹೆಸರು ಕೊಟ್ಟೆ, ಉಳಿಸಿದೆ. ಮೂರು ದಿನ ಅದು ಹಾಗೇ ಇತ್ತು. ನಾಲ್ಕನೇ ದಿನ ಅಳಿಸಿದೆ. ಪ್ರಾಮಾಣಿಕತೆಯಿಂದ ಎನ್ನಲಾರೆ, ಸಿಕ್ಕಿಬಿದ್ದರೆ ಎಂಬ ಹೆದರಿಕೆಯೇ ದೊಡ್ಡದಾಗಿತ್ತು.

ನಮ್ಮ ಲ್ಯಾಬಿನ ಅಟೆಂಡರ್ ಒಬ್ಬ ವಯಸ್ಸಾದ ಹೆಂಗಸು. ಅವಳನ್ನು ಎಲ್ಲರೂ ದೊಡ್ಡವ್ವ ಎಂದೇ ಕರೆಯುತ್ತಿದ್ದೆವು. ಮಸ್ಕಿಯ ಹತ್ತಿರದ ಒಂದು ಹಳ್ಳಿಯವಳು. ನಾನು ಸಿಂಧನೂರಿನಿಂದ ಬರುವ ಬಸ್ಸಿಗೆ ಅವಳು ಮಸ್ಕಿಯಲ್ಲಿ ಹತ್ತುತ್ತಿದ್ದಳು. ಬಸ್ಸಿನಲ್ಲಿ ಅವಳು ನನ್ನ ದೊಡ್ಡವ್ವ, ಲ್ಯಾಬಿನಲ್ಲಿ ಅಟೆಂಡರ್. ಬಸ್ಸಿನಲ್ಲಿ ಅವಳ ಬುತ್ತಿಯಿಂದ ರೊಟ್ಟಿ, ಶೇಂಗಾ ಹಿಂಡಿ ತಿಂದವಳೇ ಹತ್ತೂವರೆಗೆ ಬೀಕರಿನಲ್ಲಿ ಕಲೆ ಕಂಡರೆ ಮೇಜು ಗುದ್ದುತ್ತಿದ್ದೆ. ಅವಳು ಎದುರು ಮಾತಾಡುತ್ತಿರಲಿಲ್ಲ. "ಆತ್ರಿ, ಮತ್ತೊಮ್ಮಿ ತೊಳಿತೀನ್ರಿ" ಎಂದು ಒಯ್ಯುತ್ತಿದ್ದಳು. ಅವಳಿಗೆ ಓದು ಬಾರದು, ಆದರೆ ಯಾವ ಬಾಟಲಿ ಎಲ್ಲಿ ಎಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು.

ವಿಸ್ತರಣೆ ಮುಗಿಯಲು ನಾಲ್ಕು ತಿಂಗಳಿದ್ದಾಗ ಜರ್ಮೇನಿಯಂ ಪುಡಿಯ ಬಾಟಲಿಯ ತಳ ಕಾಣತೊಡಗಿತು. ಇನ್ನು ಒಂದೆರಡು ಸಲಕ್ಕೆ ಆಗುವಷ್ಟು. ಆ ವಾರದ ಬಾಟಲಿಯನ್ನು ತೆರೆದೆ. ಗಂಜಿ. ಬಾಟಲಿಯನ್ನು ಗೋಡೆಗೆ ಎಸೆದೆ. ಪ್ಲಾಸ್ಟಿಕ್ ಆದ್ದರಿಂದ ಒಡೆಯಲೂ ಇಲ್ಲ, ಪುಟಿದು ನನ್ನ ಕಾಲಿನ ಹತ್ತಿರವೇ ಬಂದು ಬಿತ್ತು. ಅದಕ್ಕೂ ನನ್ನ ಮೇಲೆ ಕರುಣೆಯಿಲ್ಲ ಅನ್ನಿಸಿತು. ತೊಟ್ಟಿಯ ಪಕ್ಕ ನೆಲದ ಮೇಲೆ ಕೂತು ಬಾಯಿಬಿಟ್ಟು ಅತ್ತೆ. ನಲವತ್ತು ದಾಟಿದ ಹೆಂಗಸು, ಆಚೆ ಕಾರಿಡಾರಿನಲ್ಲಿ ಹುಡುಗಿಯರು ಓಡಾಡುತ್ತಿದ್ದಾರೆ, ಗೊತ್ತಿದ್ದೂ ತಡೆಯಲಾಗಲಿಲ್ಲ. ನನ್ನ ಬದುಕೇ ಮುಗಿಯಿತು ಅಂತ ಅತ್ತೆ. ಈಗ ಬರೆಯುವಾಗ ಅತಿಯೆನಿಸುತ್ತದೆ, ಆಗ ಅತಿಯಾಗಿರಲಿಲ್ಲ.

ದೊಡ್ಡವ್ವ ಬಾಗಿಲು ಮುಂದೆ ಮಾಡಿ ಬಂದಳು. ನೆಲ ಒರೆಸಿದಳು. ನನ್ನ ಹತ್ತಿರ ಸ್ಟೂಲು ಎಳೆದು ಕೂತಳು. ಬಹಳ ಹೊತ್ತು ಸೆರಗಿನ ತುದಿ ಸುತ್ತುತ್ತ ಇದ್ದು, ಕೊನೆಗೆ, "ಮೇಡಮ್ರೀ, ಒಂದು ಮಾತು ಹೇಳ್ತೀನಿ, ಬೈಬ್ಯಾಡ್ರಿ" ಎಂದಳು.

"ಏನು?"

"ಮೊದಲ ಒಮ್ಮಿ ಹಳ್ಳು ಬಂದಿದ್ವಲ್ರಿ, ಆವಾಗ ನೀರು ನಾ ತಂದಿದ್ನಿರಿ."

"ಯಾವ ನೀರು?"

"ನಮ್ಮೂರ ಬೋರಿನ ನೀರು."

ನನಗೆ ಅರ್ಥವಾಗಲಿಲ್ಲ. ಅವಳು ನೆಲ ನೋಡುತ್ತ ಒಂದೇ ಉಸಿರಿನಲ್ಲಿ ಹೇಳಿದಳು. ಆ ಚಳಿಗಾಲ ಬಟ್ಟಿ ಯಂತ್ರ ಸುಟ್ಟಿತ್ತಲ್ಲ, ಡಿಸ್ಟಿಲ್ ವಾಟರ್ ಕ್ಯಾನು ಖಾಲಿಯಾಗಬಾರದು, ಎಲ್ಲಿಂದಾದರೂ ತಂದು ತುಂಬಿಸಿಡು, ಖಾಲಿಯಾದರೆ ನೋಡು ಎಂದು ನಾನು ಗದರಿಸಿದ್ದೆನಂತೆ. ನನಗೆ ಅದು ನೆನಪಿಲ್ಲ. ನೆನಪಿಡುವಷ್ಟು ಅಪರೂಪವಾಗಿ ನಾನು ಗದರುತ್ತಿರಲಿಲ್ಲ. ಬ್ಯಾಟರಿ ಅಂಗಡಿಯಲ್ಲಿ ಕೇಳಿದರೆ ಸಿಗಲಿಲ್ಲವಂತೆ. ಕಾಲೇಜಿನ ಟಾಕಿಯ ನೀರು ಸವುಳು, ಕಾಯಿಸಿದರೆ ಪಾತ್ರೆಗೆ ಬಿಳಿ ಪದರ ಹತ್ತುತ್ತದೆ, ಅದನ್ನು ಮೇಡಂ ಕೆಲಸಕ್ಕೆ ಹ್ಯಾಗೆ ಹಾಕುವುದು?

"ನಮ್ಮೂರ ನೀರು ಬಾಳ ಚಲೋ ಐತ್ರಿ. ತೊಗರಿಬ್ಯಾಳಿ ಹಾಕಿದ್ರ ಎರಡು ಕುದಿಗೆ ಬೆಣ್ಣಿ ಆಗ್ತೈತಿ. ಸಬಕಾರ ಒಂದೀಟು ಹಚ್ಚಿದ್ರ ನೊರಿ. ಸುತ್ತ ನಾಕು ಹಳ್ಳಿಯವ್ರು ಬಂದು ತುಂಬಿಕೊಂಡು ಹೋಗ್ತಾರ. ಮೇಡಮ್ಮಾರಿಗೆ ಅದಾ ಚಲೋ ಅಂತ ಕ್ಯಾನಿನಾಗ ತುಂಬಿ ಬಸ್ಸಿನಾಗ ತಂದು ಹಾಕಿದೆ. ಎರಡು ತಿಂಗಳು ತಂದೀನ್ರಿ. ಆಮ್ಯಾಲ ಮಿಷಿನ್ ರಿಪೇರಿ ಆತು, ಬಿಟ್ಟೆ."

"ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನೀವು ಬೈತೀರಂತ."

ಇಲ್ಲಿ ನಾನು ಅವಳ ಕೈ ಹಿಡಿದೆ ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ನಾನು ಹಿಡಿಯಲಿಲ್ಲ, ಕೂಗಾಡಿದೆ. ಬೋರಿನ ನೀರಾ? ನನ್ನ ಕೆಲಸಕ್ಕೆ ಬೋರಿನ ನೀರಾ? ಹಾಗಾದರೆ ನನ್ನ ಮೊದಲ ಹರಳೂ ಯಾವುದೋ ಕಸದ್ದು, ಅದನ್ನು ನಂಬಿ ಹದಿನಾಲ್ಕು ತಿಂಗಳು ಕುದಿಸಿದೆನಾ? "ನಿನಗ ತಿಳೀತದಾ, ಏನು ಮಾಡಿಟ್ಟೀಯಂತ?" ಎಂದೆಲ್ಲ ಅಂದೆ. ಅವಳು ಎದ್ದು ಹೊರಗೆ ಹೋದಳು. ಅವತ್ತು ಬಸ್ಸಿನಲ್ಲಿ ನಾವು ಬೇರೆ ಬೇರೆ ಸೀಟಿನಲ್ಲಿ ಕೂತೆವು.

ಸಿಟ್ಟು ಇಳಿದದ್ದು ಮಸ್ಕಿ ದಾಟಿದ ಮೇಲೆ, ಹೊಲಗಳ ಪಕ್ಕ ಕಾಲುವೆ ಕಾಣತೊಡಗಿದಾಗ. ನಾನು ಕಾಲುವೆ ನೀರಿನವಳು. ಬೋರಿನ ನೀರಿನಲ್ಲಿ ಏನಿರುತ್ತದೆ ಎಂದು ಯೋಚಿಸುವ ಪ್ರಸಂಗವೇ ನನಗೆ ಬಂದಿರಲಿಲ್ಲ. ಸವುಳು ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸುಣ್ಣದ ಅಂಶ ಹೆಚ್ಚಿರುವುದರಿಂದ. ಇದನ್ನು ಮೊದಲ ವರ್ಷದವರಿಗೆ ನಾನೇ ಪಾಠ ಮಾಡುತ್ತೇನೆ. ಹಾಗಾದರೆ ಎರಡು ಕುದಿಗೆ ಬೇಳೆ ಬೆಣ್ಣೆಯಾಗುವ ನೀರಿನಲ್ಲಿ ಸುಣ್ಣ ಇಲ್ಲವೇ ಇಲ್ಲ ಎನ್ನಬೇಕು. ಈ ಬಂಡೆಗಲ್ಲಿನ ನೆಲದ ಆಳದಲ್ಲಿ ಸುಣ್ಣ ಇಲ್ಲದ ಕಡೆ ಇನ್ನೊಂದು ವಸ್ತು ಕಲ್ಲಿನಿಂದ ನೀರಿಗೆ ಸಲೀಸಾಗಿ ಇಳಿಯುತ್ತದೆ. ಸುಣ್ಣ ಇದ್ದಿದ್ದರೆ ಅದನ್ನು ಹಿಡಿದು ಕಲ್ಲು ಮಾಡಿ ಕೆಳಗೆ ಕೂರಿಸುತ್ತಿತ್ತು. ಇಲ್ಲವಾದ್ದರಿಂದ ಅದು ನೀರಿನಲ್ಲೇ ಉಳಿಯುತ್ತದೆ. ಬಸ್ಸು ಸಿಂಧನೂರು ಮುಟ್ಟುವ ಹೊತ್ತಿಗೆ ಅದರ ಹೆಸರನ್ನು ಟಿಕೆಟ್ಟಿನ ಹಿಂದೆ ಬರೆದಿದ್ದೆ. ಫ್ಲೋರೈಡ್.

ಮರುದಿನ ಮಸ್ಕಿಯಲ್ಲಿ ದೊಡ್ಡವ್ವ ಹತ್ತಿದಳು. ಕೈಯಲ್ಲಿ ಐದು ಲೀಟರಿನ ಕ್ಯಾನು. ನಾನು ತರಲು ಹೇಳಿರಲಿಲ್ಲ. ನನ್ನ ಕಾಲಿನ ಹತ್ತಿರ ಇಟ್ಟು, "ಬೈದ್ರೂ ಅಡ್ಡಿಯಿಲ್ರಿ, ಒಮ್ಮಿ ಹಾಕಿ ನೋಡ್ರಿ" ಎಂದಳು. ನಾನು ಸರಿದು ಪಕ್ಕದಲ್ಲಿ ಜಾಗ ಮಾಡಿಕೊಟ್ಟೆ. ಕ್ಷಮೆ ಕೇಳುವ ಅಭ್ಯಾಸ ನನಗಿರಲಿಲ್ಲ, ಅದಕ್ಕಿಂತ ಹೆಚ್ಚಿನದು ಬರಲಿಲ್ಲ.

ತಾಲೂಕು ಕಚೇರಿಯಲ್ಲಿ ಕೆಲಸ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬಳ ಹತ್ತಿರ ನೀರು ಪರೀಕ್ಷೆಯ ಕಿಟ್ ಇತ್ತು. ಬೇಡಿ ತಂದೆ. ಗುಲಾಬಿ ಬಣ್ಣದ ಔಷಧಿಯನ್ನು ನೀರಿಗೆ ಹನಿಸಬೇಕು. ಬಣ್ಣ ಹಾಗೇ ಉಳಿದರೆ ಕುಡಿಯಬಹುದು, ಹಳದಿಗೆ ತಿರುಗಿದರೆ ಫ್ಲೋರೈಡ್ ಹೆಚ್ಚು. ದೊಡ್ಡವ್ವನ ನೀರು ನಾನು ಕಣ್ಣು ಮಿಟುಕಿಸುವುದರೊಳಗೆ ಹಳದಿಯಾಯಿತು. ನನಗೆ ಖುಷಿಯಾಯಿತು. ಈ ಮಾತನ್ನು ಮುಚ್ಚಿಟ್ಟರೆ ಇಷ್ಟು ಬರೆದದ್ದಕ್ಕೆ ಅರ್ಥವಿಲ್ಲ: ಆ ಹಳದಿ ಕಂಡು ನಾನು ಜಿಗಿದೆ. ಆ ನೀರನ್ನು ಒಂದು ಊರೇ ಕುಡಿಯುತ್ತಿದೆ ಎಂಬುದು ಆ ಕ್ಷಣ ನನ್ನ ತಲೆಯಲ್ಲಿ ಸುಳಿಯಲೂ ಇಲ್ಲ. ಪಂಜರದ ನಡುವೆ ಇದ್ದ ‘ಏನೋ ಒಂದು’ ಏನೆಂದು ನನಗೆ ಗೊತ್ತಾಗಿತ್ತು. ಒಳಗೆ ಒಂದು ಫ್ಲೋರೈಡ್ ಕೂತರೆ ಅದು ಎಂಟೂ ಮೂಲೆಗಳನ್ನು ತನ್ನ ಕಡೆಗೆ ಎಳೆದು ಹಿಡಿಯುತ್ತದೆ. ಆಗ ದಾಯಾದಿಗಳು ಜಗಳವಾಡದೆ ನಿಲ್ಲುತ್ತಾರೆ. ಅದಿಲ್ಲದಿದ್ದರೆ ಚೌಕಟ್ಟು ಕುಸಿದು ಗಂಜಿ. ಎರಡು ಲೀಟರನ್ನು ಒಂದು ಲೋಟಕ್ಕೆ ಇಂಗಿಸುವಾಗ ನೀರು ಹೋಗುತ್ತಿತ್ತು, ಅದು ಉಳಿಯುತ್ತಿತ್ತು. ಆಮೇಲೆ ನಾನು ಯಂತ್ರ ರಿಪೇರಿ ಮಾಡಿಸಿ, ಶುದ್ಧ ಮಾಡಿ ಮಾಡಿ, ಬೇಕಾದ ಒಂದನ್ನೇ ಹೊರಗೆ ಹಾಕಿದ್ದೆ.

ಅಳತೆಗಳನ್ನೆಲ್ಲ ತಗ್ಗಿಸಿ, ಉಳಿದ ಜರ್ಮೇನಿಯಂ ಪುಡಿಯನ್ನು ಮೂರು ಪಾಲು ಮಾಡಿದೆ. ಒಂದಕ್ಕೆ ದೊಡ್ಡವ್ವನ ನೀರು. ಒಂದಕ್ಕೆ ಶುದ್ಧ ನೀರು, ಅದರಲ್ಲಿ ಚಿಟಿಕೆ ಸೋಡಿಯಂ ಫ್ಲೋರೈಡ್. ಮೂರನೆಯದಕ್ಕೆ ಬರೀ ಶುದ್ಧ ನೀರು. ತಪ್ಪಿದರೆ ಇನ್ನು ಪುಡಿಯೂ ಇಲ್ಲ, ಕಾಲವೂ ಇಲ್ಲ. ಮೂರೂ ಬಾಟಲಿಗಳನ್ನು ಲ್ಯಾಬಿನ ಬೀರುವಿನಲ್ಲಿಟ್ಟು ಬೀಗ ಹಾಕಿ, ಹನ್ನೊಂದು ದಿನ ನಾನು ಅದನ್ನು ತೆರೆಯಲಿಲ್ಲ. ತೆರೆದು ಅಲುಗಿಸಿಬಿಡುತ್ತೇನೆಂಬ ಹೆದರಿಕೆಗೆ ಬೀಗದ ಕೈಯನ್ನು ದೊಡ್ಡವ್ವನ ಹತ್ತಿರ ಕೊಟ್ಟಿದ್ದೆ. ಅನ್ನ ಸೇರುತ್ತಿರಲಿಲ್ಲ. ತರಗತಿಯಲ್ಲಿ ಪಾಠ ಮಧ್ಯದಲ್ಲಿ ನಿಂತುಹೋಗುತ್ತಿತ್ತು, ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಹನ್ನೆರಡನೇ ದಿನ ಅವಳೇ ಬಾಗಿಲು ತೆರೆದು, ಬಾಟಲಿ ಬೆಳಕಿಗೆ ಹಿಡಿದು, "ಬಂದಾವ್ರೀ" ಎಂದಳು. ಮೊದಲನೆಯದರಲ್ಲಿ ಹರಳು. ಎರಡನೆಯದರಲ್ಲಿ ಹರಳು. ಮೂರನೆಯದರಲ್ಲಿ ಗಂಜಿ.

ಈ ಸಲ ದ್ರಾವಣದಲ್ಲೇ ಮುಳುಗಿಸಿ ಕಳಿಸಿದೆ. ಫಲಿತಾಂಶಕ್ಕೆ ಕಾಯುತ್ತಲೇ ಪ್ರಬಂಧದ ಕೊನೆಯ ಅಧ್ಯಾಯ ಬರೆಯತೊಡಗಿದೆ. ಉಳಿದ ಹರಳುಗಳನ್ನು ನೀರಿನಲ್ಲಿ ಹಾಕಿಟ್ಟು, ಸುಣ್ಣದ ನೀರಿನಲ್ಲಿ ಹಾಕಿಟ್ಟು ನೋಡಿದೆ. ಒಳಗಿನ ಫ್ಲೋರೈಡ್ ಹೊರಗೆ ಬರಲಿಲ್ಲ. ‘ಒಮ್ಮೆ ಒಳಗೆ ಕೂತ ಫ್ಲೋರೈಡ್ ಅಯಾನು ಯಾವ ಸಾಮಾನ್ಯ ಪರಿಸ್ಥಿತಿಯಲ್ಲೂ ಹೊರಬರುವುದಿಲ್ಲ’ ಎಂದು ಬರೆದೆ. ಬರೆದ ವಾಕ್ಯವನ್ನು ಎರಡು ಸಲ ಓದಿ ಸಂತೋಷಪಟ್ಟೆ.

ದೊಡ್ಡವ್ವ ಎಷ್ಟೋ ವರ್ಷದಿಂದ ಊಟಕ್ಕೆ ಕರೆಯುತ್ತಿದ್ದಳು. ಒಂದು ಭಾನುವಾರ ಹೋದೆ. ಅವಳ ನೀರಿನ ವಿಷಯ ಹೇಳಲೇಬೇಕು ಎಂದು ಗಟ್ಟಿ ಮಾಡಿಕೊಂಡೇ ಹೋದೆ. ಖುಷಿ ಇಳಿದ ಮೇಲೆ ಆ ಹಳದಿ ಬಣ್ಣ ನನ್ನನ್ನು ಕಾಡತೊಡಗಿತ್ತು. ಮಸ್ಕಿಯಲ್ಲಿ ಇಳಿದು ಆಟೋದಲ್ಲಿ ಊರು ಸೇರಿದೆ. ಬೋರು ಊರ ಬಾಯಲ್ಲೇ ಇತ್ತು, ಕೊಡಗಳ ಸಾಲಿತ್ತು. ಪಕ್ಕದಲ್ಲಿ ಶುದ್ಧ ನೀರಿನ ಘಟಕ, ಬಾಗಿಲಿಗೆ ಬೀಗ. ಕೆಟ್ಟು ಎರಡು ವರ್ಷವಾಯಿತು ಎಂದು ದೊಡ್ಡವ್ವ ಹೇಳಿದಳು.

"ಈ ಬೋರಿನ ಬಗ್ಗೆ ಯಾರೂ ಏನೂ ಹೇಳಿಲ್ಲೇನು? ಕುಡೀಬ್ಯಾಡ್ರಿ ಅಂತ?"

"ಒಮ್ಮಿ ಯಾರೋ ಬಂದು ಕೆಂಪು ಬಣ್ಣ ಬಳದು ಹೋಗಿದ್ರು. ಇಂಥಾ ಚಲೋ ನೀರಿಗೆ ಹೊಟ್ಟಿಕಿಚ್ಚಿಗೆ ಬಳದಾರಂತ ನಾವಾ ಹೆಣ್ಮಕ್ಕಳು ಕೂಡಿ ಕಲ್ಲು ಹಚ್ಚಿ ತಿಕ್ಕಿ ತಗದ್ವಿ" ಎಂದು ನಕ್ಕಳು.

ಅವಳ ಮನೆಯಲ್ಲಿ ನನಗೆ ಚಾಪೆ ಹಾಸಿದಳು. ತಾನು ಕೂರಲಿಲ್ಲ. ಕೂತುಕೋ ಎಂದರೆ ಗೋಡೆ ಹಿಡಿದು ಪ್ಲಾಸ್ಟಿಕ್ ಕುರ್ಚಿಗೆ ಇಳಿದಳು. "ನೆಲಕ್ಕ ಕುಂದ್ರಾಕ ಆಗಂಗಿಲ್ರಿ. ಕುಂತ್ರ ಏಳಾಕ ಆಗಂಗಿಲ್ಲ. ನಮ್ಮೂರಾಗ ವಯಸ್ಸಾದವ್ರದು ಎಲ್ಲಾರದೂ ಹಿಂಗಾ." ಸೀರೆಯ ಅಂಚು ಸರಿದಾಗ ನೋಡಿದೆ. ಮೊಣಕಾಲುಗಳು ಹೊರಕ್ಕೆ ಬಾಗಿದ್ದವು. ಕಾಲೇಜಿನಲ್ಲಿ ನೆಲಕ್ಕೆ ಬಿದ್ದದ್ದನ್ನು ಆರಿಸುವಾಗ ನಡು ಬಗ್ಗಿಸುತ್ತಿದ್ದಳೇ ಹೊರತು ಕುಕ್ಕರಗಾಲಿನಲ್ಲಿ ಕೂರುತ್ತಿರಲಿಲ್ಲ. ಅದನ್ನು ಸೋಮಾರಿತನ ಎಂದು ಎಷ್ಟೋ ಸಲ ಅಂದಿದ್ದೇನೆ, ಅವಳಿಗೆ ಕೇಳುವ ಹಾಗೆಯೇ.

ರೊಟ್ಟಿ, ಪುಂಡಿಪಲ್ಲೆ, ಬೇಳೆ ಬಡಿಸಿದಳು. ಪಕ್ಕದಲ್ಲಿ ಸ್ಟೀಲ್ ಲೋಟದ ತುಂಬ ನೀರು. "ಬ್ಯಾಳಿ ನೋಡ್ರಿ, ಹೆಂಗ ಬೆಂದೈತಿ." ನಿಜ, ಕಾಳು ಹುಡುಕಿದರೂ ಸಿಗುತ್ತಿರಲಿಲ್ಲ. ಎರಡು ತುತ್ತು ತಿಂದಿರಬಹುದು, ಮಾರ್ಗದರ್ಶಕರ ಸಂದೇಶ ಬಂತು. ‘ಅಭಿನಂದನೆಗಳು. ನೋಡಿ.’ ಕೆಳಗೆ ಚಿತ್ರ. ಎಂಟು ಮೂಲೆ, ಹನ್ನೆರಡು ಕೊಂಡಿ, ನಟ್ಟನಡುವೆ ಒಂದು ಹಸಿರು ಚುಕ್ಕೆ. ನೋಂದಣಿ ಮಾಡಿಸಿದ ಆರು ವರ್ಷದ ಮೇಲೆ ನನ್ನ ಪಂಜರ ನನ್ನ ಅಂಗೈಯಲ್ಲಿತ್ತು. ನನಗೆ ಅಳು ಬಂತು. ಪದವಿ ಬಂತು ಅಂದುಕೊಂಡೆ, ಇನ್ನು ಯಾರೂ ನನ್ನನ್ನು ತೆಗೆಯುವ ಹಾಗಿಲ್ಲ ಅಂದುಕೊಂಡೆ.

ದೊಡ್ಡವ್ವ ಕುರ್ಚಿಯಿಂದಲೇ ಬಾಗಿ ನೋಡಿದಳು. "ಇದಾ ಏನ್ರಿ ಅದು? ನಡುವ ಇರೋದು ಏನ್ರಿ?"

"ನಿಮ್ಮ ನೀರಾಗ ಇದ್ದದ್ದು, ದೊಡ್ಡವ್ವಾ."

ಅವಳ ಮುಖ ಅರಳಿದ್ದನ್ನು ನಾನು ಮರೆಯಲಾರೆ. "ನಮ್ಮೂರ ನೀರಾಗಿಂದು! ನಾ ಹೇಳಿದ್ದಿಲ್ಲೇನ್ರಿ ಚಲೋ ನೀರು ಅಂತ!" ಹಿತ್ತಲ ಕಡೆ ತಿರುಗಿ ಪಕ್ಕದ ಮನೆಯವಳನ್ನು ಕೂಗಲು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದು ತಡೆದೆ. ಆಮೇಲೆ ಹೇಳಿದೆ. ಮೆಲ್ಲಗೆ, ಪಾಠ ಮಾಡುವ ಧ್ವನಿಯಲ್ಲಲ್ಲ. ಈ ಚುಕ್ಕೆ ಕಲ್ಲಿನೊಳಗೆ ಕೂತ ಹಾಗೆಯೇ ಎಲುಬಿನೊಳಗೂ ಹೋಗಿ ಕೂರುತ್ತದೆ, ನಿಮ್ಮೂರಿನವರ ಮೊಣಕಾಲು ಹೀಗಾಗುವುದು ವಯಸ್ಸಿನಿಂದಲ್ಲ ಎಂದು ಹೇಳಿದೆ. ಘಟಕದ ಬೀಗ ತೆಗೆಸಲು ನಾನೇ ಅರ್ಜಿ ಬರೆಯುತ್ತೇನೆ, ತಾಲೂಕಿಗೆ ಹೋಗುತ್ತೇನೆ ಎಂದೂ ಹೇಳಿದೆ. ಅವಳು ಅರ್ಜಿಯ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ತನ್ನ ಮೊಣಕಾಲಿನ ಮೇಲೆ ಕೈ ಇಟ್ಟುಕೊಂಡು ಫೋನಿನ ಚಿತ್ರವನ್ನೇ ನೋಡುತ್ತಿದ್ದಳು.

"ಒಳಗ ಕುಂತದ್ದು ಮತ್ತ ಹೊರಗ ಬರಂಗಿಲ್ಲೇನ್ರಿ?"

ಆ ವಾರವಷ್ಟೇ ನಾನು ಅದರ ಮೇಲೆ ಒಂದು ಅಧ್ಯಾಯ ಬರೆದಿದ್ದೆ. ಎಲುಬಿನ ವಿಷಯ ಅಷ್ಟು ಖಡಾಖಂಡಿತವಲ್ಲ, ನೀರು ಬದಲಿಸಿದರೆ ವರ್ಷಗಟ್ಟಲೆ ತೆಗೆದುಕೊಂಡು ಅಷ್ಟಿಷ್ಟು ಹೋಗುತ್ತದೆ, ಆದರೆ ಬಾಗಿದ ಕಾಲು ನೆಟ್ಟಗಾಗುವುದಿಲ್ಲ. ಇದನ್ನೆಲ್ಲ ಹೇಗೆ ಹೇಳುವುದೆಂದು ತಿಳಿಯದೆ "ಬರಂಗಿಲ್ಲ, ದೊಡ್ಡವ್ವಾ" ಎಂದೆ.

ಅವಳು ಕೈ ಚಾಚಿ ನನ್ನ ತಟ್ಟೆಯ ಪಕ್ಕದಲ್ಲಿದ್ದ ಲೋಟ ತೆಗೆದುಕೊಂಡಳು. "ನೀವು ಕುಡೀಬ್ಯಾಡ್ರಿ. ಮಸ್ಕ್ಯಾಗ ಬಾಟ್ಲಿ ನೀರು ಸಿಗ್ತಾವ" ಎಂದಳು. ತುಂಬಿದ ನೀರನ್ನು ಚೆಲ್ಲಲು ಮನಸ್ಸಾಗದೆ ಒಂದು ಕ್ಷಣ ಕೈಯಲ್ಲೇ ಹಿಡಿದಿದ್ದು, ಎತ್ತಿ ತಾನೇ ಕುಡಿದಳು.